ಫ್ಲ್ಯಾಟ್ ಧನಕವಡಿಯಲ್ಲಿ, ಒಪ್ಪಂದ ಕ್ಯಾಲಿಫೋರ್ನಿಯಾದ್ದು

ಪುಣೆಯ ಧನಕವಡಿಯ ತ್ರಿಮೂರ್ತಿ ಚೌಕದ ಬಳಿಯ ಪಿಐಸಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವರಿಗೆ ಅಮೆರಿಕ ಅಪರಿಚಿತ ದೇಶವೇನಲ್ಲ. ಹಾಗೆ ಹೋದ ಹುಡುಗನೊಬ್ಬ ಕ್ಯಾಲಿಫೋರ್ನಿಯಾದ ಸಾನ್ ಹೊಸೆಯಲ್ಲಿ ನೌಕರಿಯಲ್ಲಿದ್ದಾನೆ ಎನ್ನಿ. ಸಾತಾರಾ ರಸ್ತೆಯ ಮಗ್ಗುಲಲ್ಲಿ ಅವನ ಹೆಸರಿಗೆ ಒಂದು ಫ್ಲ್ಯಾಟ್ ಇದೆ, ಸಾಲದ ಕಂತು ಇನ್ನೂ ಸಾಗುತ್ತಿದೆ. ಹುಡುಗಿಯ ಮನೆತನ ವಿಜಯಪುರದ್ದು, ಅವಳು ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಇಂಥ ಸಂಬಂಧ ಕುದುರುವಾಗ ತಾಂಬೂಲದ ಜೊತೆಗೆ ಇನ್ನೊಂದು ಕಾಗದವೂ ಮಾತಿಗೆ ಬರಬಹುದು: ವಿವಾಹಪೂರ್ವ ಒಪ್ಪಂದ, ಆಡುಮಾತಿನಲ್ಲಿ ‘ಪ್ರಿನಪ್’. ಹೊರದೇಶದ ನಮೂನೆ, ಇಲ್ಲಿನ ಛಾಪಾ ಕಾಗದ, ಕೆಳಗೆ ನೋಟರಿಯ ಮೊಹರು. ಇದು ಕಾಯುವುದು ಯಾರನ್ನು?

ಭಾರತದ ಬಹುಪಾಲು ದಂಪತಿಗಳ ಮಟ್ಟಿಗೆ ಇದರ ಬಲ ತೀರ ಕಡಿಮೆ. 1872ರ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಅಸಿಂಧು. ಮನೆಅಳಿಯನಾಗಿ ಅತ್ತೆಯ ಮನೆಯಲ್ಲೇ ಇದ್ದು ಅವಳ ಮಾತಿನಂತೆ ನಡೆಯುತ್ತೇನೆ ಎಂದು ಮದುವೆಗೆ ಮೊದಲೇ ಬರೆದುಕೊಟ್ಟಿದ್ದ ಕರಾರನ್ನು ಕಲ್ಕತ್ತಾ ಹೈಕೋರ್ಟ್ 1901ರಲ್ಲಿ ತಳ್ಳಿಹಾಕಿತು. ಜೀವನಾಂಶದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವೂ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಬಾಂಬೆ ಹೈಕೋರ್ಟ್ 2018ರಲ್ಲಿ ಹೇಳಿತು. ಮದುವೆಯನ್ನೇ ಒಪ್ಪಂದವಾಗಿ ಕಾಣುವ ಮುಸ್ಲಿಂ ಕಾನೂನಿನಲ್ಲಿ ಮಾತ್ರ ನಿಕಾಹ್‌ನಾಮಾದ ಷರತ್ತುಗಳಿಗೂ ಮೆಹರ್‌ಗೂ ಮೊದಲಿನಿಂದಲೂ ಮಾನ್ಯತೆಯಿದೆ.

ಆದರೆ ಒಪ್ಪಂದ ದುರ್ಬಲ ಎಂಬುದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಗೋವಾದಂಥ ಒಂದೆರಡು ಪ್ರದೇಶ ಬಿಟ್ಟರೆ ಭಾರತದಲ್ಲಿ ‘ದಂಪತಿಯ ಆಸ್ತಿ’ ಎಂಬ ವರ್ಗವೇ ಇಲ್ಲ. ಯಾರ ಹೆಸರಿನಲ್ಲಿದೆಯೋ ಆಸ್ತಿ ಅವರದು. ಹೆಂಡತಿಗೆ ಸ್ತ್ರೀಧನವಿದೆ, ಜೀವನಾಂಶವಿದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ವಾಸದ ಹಕ್ಕೂ ಇದೆ. ಆದರೆ ಇಪ್ಪತ್ತು ವರ್ಷ ಮನೆ ನಡೆಸಿದ ಮಾತ್ರಕ್ಕೆ ಗಂಡನ ಹೆಸರಿನ ಫ್ಲ್ಯಾಟಿನಲ್ಲಿ ಅವಳಿಗೆ ಪಾಲು ಹುಟ್ಟುವುದಿಲ್ಲ. ‘ನನ್ನ ಆಸ್ತಿ ನನಗೇ’ ಎಂದು ಬರೆಸಿಕೊಳ್ಳಲು ಹೊರಟ ಗಂಡಿನ ಕಡೆಯವರು, ಕಾನೂನು ಆಗಲೇ ಕೊಟ್ಟಿರುವುದನ್ನು ಮತ್ತೊಮ್ಮೆ ಬರೆಸಿಕೊಳ್ಳುತ್ತಾರೆ. ಕಳೆದುಕೊಳ್ಳುವುದು ಹೆಚ್ಚಾಗಿ ಹೆಣ್ಣೇ, ಮತ್ತು ಅವಳಿಗೆ ಆ ಕಾಗದದಿಂದ ಹೊಸದಾಗಿ ಸಿಗುವುದು ಏನೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಮದುವೆಯ ನಂತರದ ಗಳಿಕೆ ಇಬ್ಬರಿಗೂ ಸಮ. ಸಂಬಳ, ನಿವೃತ್ತಿ ನಿಧಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಫ್ಲ್ಯಾಟನ್ನು ಮೊದಲೇ ಕೊಂಡಿದ್ದರೂ, ಮದುವೆಯಾದ ಮೇಲೆ ಸಂಬಳದಿಂದ ಕಟ್ಟಿದ ಕಂತುಗಳ ಮಟ್ಟಿಗೆ ಹೆಂಡತಿ ಪಾಲು ಕೇಳಬಹುದು. ಅದೇ ಫ್ಲ್ಯಾಟಿನ ನೋಂದಣಿ ದಾಖಲೆ ‘ಇಂಡೆಕ್ಸ್ 2’ ಪುಣೆಯಲ್ಲಿ ತೆಗೆಸಿದರೆ ಅದರಲ್ಲಿರುವುದು ಗಂಡನ ಹೆಸರೊಂದೇ. ಒಂದೇ ಮನೆ, ಒಂದೇ ಕಂತು, ಎರಡು ಉತ್ತರ.

ಅಮೆರಿಕದ ಒಪ್ಪಂದಕ್ಕೆ ಬಲವಿದೆ. ಆ ಬಲದ ಅಪಾಯವನ್ನೂ ಆ ನಾಡು ಕಂಡಿದೆ. ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ ಸ್ವೀಡನ್ ಮೂಲದ ವಧುವಿನಿಂದ ಸಹಿ ಪಡೆದದ್ದು 1988ರಲ್ಲಿ, ಮದುವೆಯ ಹಿಂದಿನ ದಿನ. ಅವಳ ಪರವಾಗಿ ವಕೀಲರಿರಲಿಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2000ದಲ್ಲಿ ಆ ಒಪ್ಪಂದವನ್ನು ಎತ್ತಿಹಿಡಿಯಿತು. ಶಾಸಕರು ಸುಮ್ಮನಿರಲಿಲ್ಲ. ಒಪ್ಪಂದ ಕೈಗೆ ಬಂದು ಸಹಿಯಾಗುವುದರೊಳಗೆ ಏಳು ದಿನ ಕಳೆಯಬೇಕು, ಜೀವನಾಂಶ ಬಿಟ್ಟುಕೊಡುವವರಿಗೆ ಸ್ವಂತ ವಕೀಲರಿರಬೇಕು ಎಂಬ ನಿಯಮಗಳು 2002ರಿಂದ ಬಂದವು. ಇಂಗ್ಲೆಂಡಿನಲ್ಲಿ 2010ರ ರಾಡ್‌ಮಾಕರ್ ತೀರ್ಪು ಜರ್ಮನ್ ಹೆಂಡತಿ ಮತ್ತು ಫ್ರೆಂಚ್ ಗಂಡನ ಒಪ್ಪಂದಕ್ಕೆ ನಿರ್ಣಾಯಕ ತೂಕ ಕೊಟ್ಟಾಗ, ಭಿನ್ನಮತ ಬರೆದ ನ್ಯಾಯಾಧೀಶೆ ಲೇಡಿ ಹೇಲ್ ಇಂಥ ಕರಾರುಗಳು ಬಲಹೀನರಾದವರನ್ನೇ ಹಿಂಡುತ್ತವೆ ಎಂದು ಎಚ್ಚರಿಸಿದರು. ನಮ್ಮಲ್ಲಿ ನಮೂನೆಯನ್ನು ತರುವವರು ಈ ರಕ್ಷಣೆಗಳನ್ನು ತರದೆ ಬರಿ ಷರತ್ತುಗಳನ್ನಷ್ಟೇ ನಕಲು ಮಾಡಿದರೆ ಅದು ಅನ್ಯಾಯ.

ಅಲ್ಲಿನ ತೀರ್ಪು ಇಲ್ಲಿ ತಾನಾಗಿ ಜಾರಿಯಾಗುವುದೂ ಇಲ್ಲ. ತಿರುಪತಿಯಲ್ಲಿ ಮದುವೆಯಾದ ದಂಪತಿಗೆ ಮಿಸೌರಿಯ ನ್ಯಾಯಾಲಯ ಕೊಟ್ಟ ವಿಚ್ಛೇದನವನ್ನು ಭಾರತದ ಸುಪ್ರೀಂ ಕೋರ್ಟ್ 1991ರ ನರಸಿಂಹ ರಾವ್ ಪ್ರಕರಣದಲ್ಲಿ ಒಪ್ಪಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಅದರ ಆಧಾರದ ಮೇಲೆಯೇ ವಿಚ್ಛೇದನವಾಗಬೇಕು ಎಂಬುದು ಅಲ್ಲಿ ಹಾಕಿದ ಮುಖ್ಯ ಸೂತ್ರ. ಸ್ಥಿರಾಸ್ತಿಯ ವ್ಯಾಜ್ಯವನ್ನು ಆಸ್ತಿ ಇರುವಲ್ಲೇ ಹೂಡಬೇಕೆನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮು. ಸಾನ್ ಹೊಸೆಯಲ್ಲಿ ಗೆದ್ದವಳೂ ಧನಕವಡಿಯ ಗೋಡೆಗಳಿಗಾಗಿ ಪುಣೆಯ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಬಹುದು.

ಒಳ್ಳೆಯ ಮಾದರಿಗಾಗಿ ಕಡಲು ದಾಟಬೇಕಿಲ್ಲ. ಕಾರವಾರದಿಂದ ಮಾಜಾಳಿಯ ಗಡಿ ದಾಟಿದರೆ ಸಾಕು. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಬಳುವಳಿಯಾಗಿ, ಬೇರೆ ಕರಾರಿಲ್ಲದಿದ್ದರೆ ಗಂಡ ಹೆಂಡಿರ ಆಸ್ತಿಯೆಲ್ಲ ಸಮಪಾಲು. ಅದು ಬೇಡವೆನ್ನುವವರು ಸಂಪೂರ್ಣ ಪ್ರತ್ಯೇಕತೆ ಆರಿಸಬಹುದು. ಮದುವೆಗೆ ಮುಂಚಿನದು ಅವರವರದು, ನಂತರದ್ದು ಇಬ್ಬರದು ಎಂಬ ನಡುದಾರಿಯೂ ಇದೆ. ಆದರೆ ಆಯ್ಕೆಯನ್ನು ಮದುವೆಗೆ ಮೊದಲೇ, ಅಧಿಕಾರಿಯ ಎದುರು ಸಾರ್ವಜನಿಕ ದಸ್ತಾವೇಜಿನ ಮೂಲಕ ಮಾಡಬೇಕು. ಸ್ಥಿರಾಸ್ತಿ ಮಾರುವಾಗ ಇಬ್ಬರ ಒಪ್ಪಿಗೆಯೂ ಬೇಕು. ಆದಾಯ ತೆರಿಗೆ ಇಲಾಖೆಯೂ ಈ ಪದ್ಧತಿಗೆ ತಲೆಬಾಗಿದೆ: 1961ರ ಕಾಯ್ದೆಗೆ ಸೇರಿಸಿದ 5ಎ ಕಲಮು, ಸಂಬಳ ಬಿಟ್ಟು ಉಳಿದ ಆದಾಯವನ್ನು ದಂಪತಿಯ ನಡುವೆ ಸಮನಾಗಿ ಹಂಚಿ ತೆರಿಗೆ ಹಾಕುವ ವ್ಯವಸ್ಥೆ ತಂದಿತು. ಗೋವಾದ ನಿವಾಸಿಗೆ ಹೊರರಾಜ್ಯದಲ್ಲಿರುವ ಆಸ್ತಿಯ ಉತ್ತರಾಧಿಕಾರಕ್ಕೂ ಆ ಸಂಹಿತೆಯೇ ಅನ್ವಯ ಎಂದು 2019ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಗೋವಾದ ಪದ್ಧತಿಯಲ್ಲೂ ಕಳಂಕವಿದೆ. ಹಳೆಯ ಸಂಹಿತೆ ಆಸ್ತಿಯ ಆಡಳಿತವನ್ನು ಗಂಡನಿಗೆ ಒಪ್ಪಿಸುತ್ತದೆ. ಮದುವೆಯಾದ ಮೇಲೆ ಒಪ್ಪಂದ ಬದಲಿಸಲು ಬರುವುದಿಲ್ಲ. ಹೀಗಿದ್ದರೂ ಅದರ ತಳಪಾಯ ಗಟ್ಟಿ. ಅಲ್ಲಿ ಮೊದಲು ಸಮಪಾಲಿನ ನಿಯಮವಿದೆ, ಒಪ್ಪಂದ ಅದರಿಂದ ಹೊರಬರುವ ಬಾಗಿಲು. ಆ ಬಾಗಿಲಲ್ಲಿ ನಿಂತ ಹೆಣ್ಣಿಗೆ ತಾನು ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ.

ದೇಶದ ಉಳಿದ ಭಾಗಕ್ಕೂ ಇಂಥ ನಿಯಮ ಬರುವ ಅವಕಾಶವಿತ್ತು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ವಿವಾಹ ಕಾನೂನು ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಮದುವೆಯ ನಂತರ ಗಳಿಸಿದ್ದನ್ನು ಇಬ್ಬರದೂ ಎಂದು ಕಾಣಬೇಕು ಎಂದು ಕಾನೂನು ಆಯೋಗ 2018ರ ಸಮಾಲೋಚನಾ ಪತ್ರದಲ್ಲಿ ಸೂಚಿಸಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿಯವರ ಅಧ್ಯಕ್ಷತೆಯ ಆಯೋಗ 2024ರ ಫೆಬ್ರವರಿಯಲ್ಲಿ ಕೊಟ್ಟ 287ನೇ ವರದಿ, ಅನಿವಾಸಿಗಳ ಮದುವೆಗಳಿಗೆ ಸಮಗ್ರ ಕಾನೂನು ಬೇಕೆಂದಿತು. ಕಡ್ಡಾಯ ನೋಂದಣಿ, ಪಾಸ್‌ಪೋರ್ಟಿನಲ್ಲಿ ವೈವಾಹಿಕ ಸ್ಥಿತಿಯ ನಮೂದು ಅದರ ಶಿಫಾರಸುಗಳಲ್ಲಿವೆ. ಬರಲಿರುವ ಕಾನೂನಿನಲ್ಲಿ ಆಸ್ತಿ ಹಂಚಿಕೆಗೂ ಜಾಗವಿರಲೇಬೇಕು.

ಅಲ್ಲಿಯವರೆಗೆ ಧನಕವಡಿಯ ಕುಟುಂಬ ಪ್ರಿನಪ್ ಬರೆಸುವುದಾದರೆ, ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಭಾಗ ಪಟ್ಟಿ. ಎರಡೂ ದೇಶಗಳ ಖಾತೆ, ಸಾಲ, ತವರಿನ ಒಡವೆಯ ತೂಕ, ರಸೀದಿ ಎಲ್ಲ ಅದರಲ್ಲಿರಬೇಕು. ಹೆಣ್ಣಿಗೆ ಅವಳದೇ ವಕೀಲರು, ಓದಲು ವಾರದ ಬಿಡುವು ಬೇಕು. ಪಾಲು ಕೊಡುವ ಮನಸ್ಸಿದ್ದರೆ ಪುಣೆಯ ಹವೇಲಿ ತಾಲೂಕಿನ ನೋಂದಣಿ ಕಚೇರಿಯಲ್ಲಿ ಅದಕ್ಕೆ ದಾರಿಯಿದೆ: ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಹೆಂಡತಿಗೆ ದಾನಪತ್ರದ ಮೂಲಕ ಕೊಡಲು ಮೂಲ ಮುದ್ರಾಂಕ ಶುಲ್ಕ 200 ರೂಪಾಯಿ, ಮೇಲೆ ಸ್ಥಳೀಯ ಅಧಿಭಾರ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕಾಗುತ್ತದೆ, ಹೆಂಡತಿ ವಿದೇಶಿ ಪ್ರಜೆಯಾಗಿದ್ದರೆ ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ನಿಯಮಗಳನ್ನು ನೋಡಬೇಕಾಗುತ್ತದೆ. ಹಾಗೆ ನೋಂದಣಿಯಾದ ಅರ್ಧ ಪಾಲನ್ನು ಸಾನ್ ಹೊಸೆಯ ನ್ಯಾಯಾಲಯವೂ ಪುಣೆಯ ನ್ಯಾಯಾಲಯವೂ ದಾಖಲೆಯಲ್ಲೇ ಓದಿಕೊಳ್ಳಬಹುದು.