ಬೆನ್ನ ಹಿಂದಿನಿಂದ ಬಿದ್ದ ಪೆಟ್ಟು

ಟಾಡ್ ಬರ್ಟೂಝಿ ಮೊದಲು ಎದುರಾಳಿಯ ಅಂಗಿ ಜಗ್ಗುತ್ತಾನೆ. ಆ ವಿಡಿಯೊ ನೋಡಿದಾಗಲೆಲ್ಲ ನನ್ನ ಕಣ್ಣು ನಿಲ್ಲುವುದು ಅಲ್ಲೇ. ಸ್ಟೀವ್ ಮೂರ್ ತನ್ನ ಪಾಡಿಗೆ ಮಂಜುಗಡ್ಡೆಯ ಮೇಲೆ ಜಾರುತ್ತ ಹೊರಟಿದ್ದಾನೆ. ಹಿಂದೆ ಬಿದ್ದ ಬರ್ಟೂಝಿ ಅವನ ಜೆರ್ಸಿ ಹಿಡಿದು ಎಳೆಯುತ್ತಾನೆ. ತಿರುಗು, ಕಾದಾಡು ಎಂಬ ಕರೆ ಅದು. ಮೂರ್ ತಿರುಗುವುದಿಲ್ಲ. ಬರ್ಟೂಝಿ ಕೈಗವಸು ತೊಟ್ಟ ಮುಷ್ಟಿಯಿಂದ ಹಿಂದಿನಿಂದಲೇ ತಲೆಯ ಪಕ್ಕಕ್ಕೆ ಗುದ್ದುತ್ತಾನೆ. ಆರಡಿ ಮೂರಿಂಚಿನ, ನೂರು ಕಿಲೊ ಮೀರಿದ ತನ್ನ ಮೈಭಾರವನ್ನೆಲ್ಲ ಹೇರಿ ಅವನನ್ನು ಮುಖ ಅಡಿಯಾಗಿ ಕೆಡವುತ್ತಾನೆ. ಉಳಿದ ಆಟಗಾರರು ಧಾವಿಸಿ ಬಂದು ಅವರ ಮೇಲೆ ಬೀಳುತ್ತಾರೆ. ಗುಂಪು ಸರಿದಾಗ ಮೂರ್ ಅಲುಗಾಡುತ್ತಿಲ್ಲ. ಅವನ ಮುಖದ ಕೆಳಗೆ ಐಸ್ ಕೆಂಪಾಗಿದೆ.

ಇದು ನಡೆದದ್ದು 2004ರ ಮಾರ್ಚ್ 8ರ ರಾತ್ರಿ, ಕೆನಡಾದ ವ್ಯಾಂಕೂವರ್‌ನ ಜಿಎಂ ಪ್ಲೇಸ್ ಕ್ರೀಡಾಂಗಣದಲ್ಲಿ. ಐಸ್ ಹಾಕಿ ಆಟದ ಮೂರನೆಯ, ಅಂದರೆ ಕೊನೆಯ ಅವಧಿ. ಬರ್ಟೂಝಿಯ ತಂಡ ವ್ಯಾಂಕೂವರ್ ಕನಕ್ಸ್ ತವರಿನಲ್ಲೇ ಕೊಲೊರಾಡೊ ಅವಲಾಂಚ್ ಎದುರು 2-8ರಿಂದ ಹಿಂದೆ ಬಿದ್ದಿತ್ತು. ಗೆಲುವಿನ ಆಸೆ ಆಗಲೇ ಮುಗಿದಿತ್ತು, ಉಳಿದಿದ್ದುದು ಹಗೆ ಮಾತ್ರ. ಮೂರ್‌ನ ಕುತ್ತಿಗೆಯ ಮೂರು ಮೂಳೆಗಳು ಮುರಿದಿದ್ದವು, ಮಿದುಳಿಗೆ ಪೆಟ್ಟಾಗಿತ್ತು. ಹಾರ್ವರ್ಡ್‌ನಲ್ಲಿ ಓದಿ ಬಂದಿದ್ದ, ಆಗಿನ್ನೂ 25 ವರ್ಷದ ಆ ಹುಡುಗ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಪಂದ್ಯಗಳು ಒಟ್ಟು 69. ಎಪ್ಪತ್ತನೆಯದು ಬರಲೇ ಇಲ್ಲ.

ಬರ್ಟೂಝಿ ಬರಿಯ ಬಡಿದಾಟದ ಆಳಾಗಿದ್ದರೆ ಈ ಕಥೆ ಇಷ್ಟು ಕಾಡುತ್ತಿರಲಿಲ್ಲ. ಒಂಟಾರಿಯೊದ ಸಡ್‌ಬರಿಯಲ್ಲಿ 1975ರಲ್ಲಿ ಹುಟ್ಟಿದವನು ಅವನು. 1993ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು, 1998ರಲ್ಲಿ ವ್ಯಾಂಕೂವರ್‌ಗೆ ಬಿಟ್ಟುಕೊಟ್ಟಿತು. ಅವನು ಅರಳಿದ್ದು ಇಲ್ಲಿಯೇ. ಮಾರ್ಕಸ್ ನಾಸ್ಲುಂಡ್ ಮತ್ತು ಬ್ರೆಂಡನ್ ಮಾರಿಸನ್ ಜೊತೆಗೂಡಿ ಅವನು ಕಟ್ಟಿದ ಮುಂಪಡೆಯನ್ನು ಜನ 'ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್' ಎಂದು ಕರೆದರು. 2002-03ರ ಋತುವಿನಲ್ಲಿ ಅವನು ಹೊಡೆದ ಗೋಲುಗಳು 46, ಗಳಿಸಿದ ಅಂಕಗಳು 97. ಇಬ್ಬರು ರಕ್ಷಣಾ ಆಟಗಾರರು ಬೆನ್ನಿಗೆ ಜೋತುಬಿದ್ದರೂ ಪಕ್ ಬಿಟ್ಟುಕೊಡದೆ ಗೋಲಿನತ್ತ ನುಗ್ಗುತ್ತಿದ್ದ. ಅಷ್ಟು ದೊಡ್ಡ ಮೈಗೆ ಅಷ್ಟು ಮೃದುವಾದ ಕೈ ಇರುವುದು ಅಪರೂಪ. ನಾಲ್ಕು ಜನರ ಸಂದಿಯಲ್ಲಿ ಆ ರಬ್ಬರ್ ಬಿಲ್ಲೆಯನ್ನು ತೂರಿಸಿ ಜೊತೆಗಾರನಿಗೆ ತಲುಪಿಸುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ಅವನ ಮೇಲೆ ಪ್ರೀತಿ ಬರುತ್ತದೆ. ನನಗೂ ಬಂದಿದೆ. ಹಾಗಾಗಿಯೇ ಈ ಬರಹ ನನಗೆ ಸುಲಭದ್ದಲ್ಲ.

ಹಗೆ ಶುರುವಾದದ್ದು ಮೂರು ವಾರ ಮೊದಲು. ಫೆಬ್ರವರಿ 16ರ ಪಂದ್ಯದಲ್ಲಿ ಮೂರ್, ಕನಕ್ಸ್ ನಾಯಕ ನಾಸ್ಲುಂಡ್‌ಗೆ ಢಿಕ್ಕಿ ಹೊಡೆದ. ನಾಸ್ಲುಂಡ್ ಮಿದುಳಿಗೆ ಪೆಟ್ಟಾಗಿ ಮೂರು ಪಂದ್ಯಗಳಿಗೆ ಹೊರಗುಳಿದ. ರೆಫರಿಗಳು ಅದನ್ನು ತಪ್ಪೆಂದು ಎಣಿಸಲಿಲ್ಲ, ಲೀಗ್ ಕೂಡ ಶಿಕ್ಷೆ ಕೊಡಲಿಲ್ಲ. ಕನಕ್ಸ್ ಪಾಳಯ ಕುದಿಯಿತು. ಕೋಚ್ ಮಾರ್ಕ್ ಕ್ರಾಫರ್ಡ್ ಬಹಿರಂಗವಾಗಿ ಸಿಟ್ಟು ಕಾರಿದರು. ಮೂರ್‌ನ ತಲೆಗೆ ಬೆಲೆ ಕಟ್ಟಲಾಗಿದೆ ಎಂಬರ್ಥದ ಮಾತನ್ನು ಬ್ರಾಡ್ ಮೇ ಎಂಬ ಆಟಗಾರ ಆಡಿದ. ಮಾರ್ಚ್ 3ರಂದು ಡೆನ್ವರ್‌ನಲ್ಲಿ ಎರಡೂ ತಂಡಗಳು ಎದುರಾದಾಗ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಅವರೇ ಬಂದು ಕೂತರು. ಆ ಪಂದ್ಯ ಯಾವ ರಗಳೆಯೂ ಇಲ್ಲದೆ ಸಮನಾಗಿ ಮುಗಿಯಿತು. ಬೆಂಕಿ ಬೀಳಬಹುದು ಎಂದು ಲೀಗಿಗೆ ಗೊತ್ತಿತ್ತು ಎನ್ನುವುದಕ್ಕೆ ಆ ಭೇಟಿಗಿಂತ ಬೇರೆ ಸಾಕ್ಷಿ ಬೇಕೆ?

ಐಸ್ ಹಾಕಿಯಲ್ಲಿ 'ಕೋಡ್' ಎಂಬುದೊಂದಿದೆ. ನಿಯಮದ ಪುಸ್ತಕದಲ್ಲಿ ಬರೆದಿರದಿದ್ದರೂ ಆಟಗಾರರೆಲ್ಲ ಬಲ್ಲ ಕಟ್ಟಳೆ ಅದು. ನಮ್ಮ ತಾರೆಯ ಮೈಮುಟ್ಟಿದವನು ಅದಕ್ಕೆ ಉತ್ತರ ಕೊಡಬೇಕು. ಕೈಗವಸು ಕಳಚಿ, ಎದುರೆದುರು ನಿಂತು, ಇಬ್ಬರೂ ಒಪ್ಪಿ ಗುದ್ದಾಡಬೇಕು. ಗುದ್ದಾಡಿದವರು ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂತು ಮತ್ತೆ ಆಟಕ್ಕೆ ಇಳಿಯಬಹುದು. ಈ ವ್ಯವಸ್ಥೆಯೇ ದೊಡ್ಡ ಹಿಂಸೆಯನ್ನು ತಡೆಯುತ್ತದೆ, ಆಟಗಾರರು ಪರಸ್ಪರ ಲೆಕ್ಕ ತೀರಿಸಿಕೊಂಡರೆ ಕೋಲಿನಿಂದ ಯಾರೂ ತಲೆ ಒಡೆಯುವುದಿಲ್ಲ ಎಂದು ಕೋಡಿನ ಪರವಾಗಿ ವಾದಿಸುವವರು ಇಂದಿಗೂ ಇದ್ದಾರೆ. ಈ ವಾದವನ್ನು ನಾನು ತಳ್ಳಿಹಾಕಿ ಮುಂದೆ ಹೋಗುವುದಿಲ್ಲ, ಮಾರ್ಚ್ 8ರ ರಾತ್ರಿಗೆ ಹಚ್ಚಿ ನೋಡುತ್ತೇನೆ. ಅಂದಿನ ಮೊದಲ ಅವಧಿಯಲ್ಲೇ ಕನಕ್ಸ್‌ನ ಮ್ಯಾಟ್ ಕುಕ್ ಮೂರ್‌ನನ್ನು ಕಾದಾಟಕ್ಕೆ ಕರೆದ. ಮೂರ್ ಒಪ್ಪಿದ, ಗುದ್ದಾಡಿದ, ಪೆನಾಲ್ಟಿ ಬಾಕ್ಸಿನಲ್ಲಿ ಕೂತು ಎದ್ದು ಬಂದ. ಕೋಡಿನ ಪ್ರಕಾರವೇ ಲೆಕ್ಕ ಚುಕ್ತಾ ಆಗಿತ್ತು. ಆಮೇಲೂ ಅವನ ಬೆನ್ನು ಬಿಡಲಿಲ್ಲ ಎಂದರೆ ಕೋಡು ಹಿಂಸೆಗೆ ಕಟ್ಟಿದ ಒಡ್ಡು ಎಂಬ ಮಾತು ನಿಲ್ಲುವುದಿಲ್ಲ. ಸೇಡು ಎಷ್ಟಕ್ಕೆ ತೀರಿತು ಎಂದು ಹೇಳುವವರು ಯಾರು? ಸೋಲುತ್ತಿರುವ ತಂಡದ ಸಿಟ್ಟೇ ಹೇಳಬೇಕು. ಆ ರಾತ್ರಿ ಅದು ಸಾಕು ಎನ್ನಲಿಲ್ಲ.

ಎರಡು ದಿನದ ಬಳಿಕ ಬರ್ಟೂಝಿ ಕ್ಯಾಮೆರಾಗಳ ಮುಂದೆ ಕೂತು ಅತ್ತ. ನೋಯಿಸುವ ಉದ್ದೇಶ ಇರಲಿಲ್ಲ ಎಂದು ಮೂರ್‌ನ ಹೆಸರು ಹಿಡಿದು ಹೇಳಿದ. ಆ ಕಣ್ಣೀರು ಸುಳ್ಳೆಂದು ನನಗೆ ಅನಿಸಿಲ್ಲ. ಲೀಗ್ ಅವನನ್ನು ಅಮಾನತು ಮಾಡಿತು. ಅವನು ಕಳೆದುಕೊಂಡ ಸಂಬಳ ಸುಮಾರು ಐದು ಲಕ್ಷ ಡಾಲರ್, ತಂಡಕ್ಕೆ ಬಿದ್ದ ದಂಡ ಎರಡೂವರೆ ಲಕ್ಷ. ಮುಂದಿನ ಇಡೀ ಋತು ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ ರದ್ದಾಯಿತು. 2005ರ ಆಗಸ್ಟ್‌ನಲ್ಲಿ ಅಮಾನತು ತೆರವಾಯಿತು. ಲೆಕ್ಕಕ್ಕೆ 17 ತಿಂಗಳು. ಆದರೆ ಲೀಗಿನ ಪಂದ್ಯಗಳಲ್ಲಿ ಅವನಿಗೆ ತಪ್ಪಿದ್ದು ಪ್ಲೇಆಫ್ ಸೇರಿ 20.

ಲೀಗಿನ ಶಿಕ್ಷೆಯ ಜೊತೆಗೆ ಪೊಲೀಸರೂ ಬಂದರು. ಅದು ಹೊಸದೇನಲ್ಲ. ಇದೇ ಕ್ರೀಡಾಂಗಣದಲ್ಲಿ 2000ರಲ್ಲಿ ಮಾರ್ಟಿ ಮೆಕ್‌ಸೋರ್ಲಿ ಹಾಕಿ ಕೋಲಿನಿಂದ ಡೊನಾಲ್ಡ್ ಬ್ರಷಿಯರ್‌ನ ತಲೆಗೆ ಹೊಡೆದು ನ್ಯಾಯಾಲಯದಲ್ಲಿ ತಪ್ಪಿತಸ್ಥನಾಗಿದ್ದ. ಜೈಲಿಗೆ ಹೋಗಲಿಲ್ಲ. ಬರ್ಟೂಝಿಯ ಮೇಲೂ ಹಲ್ಲೆ ಮಾಡಿ ಗಾಯಗೊಳಿಸಿದ ಆರೋಪ ಹೊರಿಸಲಾಯಿತು. 2004ರ ಡಿಸೆಂಬರ್ 22ರಂದು ಅವನು ತಪ್ಪೊಪ್ಪಿಕೊಂಡ. ತೀರ್ಪು: ಷರತ್ತುಬದ್ಧ ಬಿಡುಗಡೆ, ಒಂದು ವರ್ಷ ಸನ್ನಡತೆಯ ನಿಗಾ, 80 ಗಂಟೆ ಸಮಾಜಸೇವೆ. ಷರತ್ತು ಪೂರೈಸಿದರೆ ಅಪರಾಧದ ದಾಖಲೆ ಉಳಿಯುವುದಿಲ್ಲ. ಜೊತೆಗೆ ಇನ್ನೊಂದು ಷರತ್ತು, ಮೂರ್ ಆಡುವ ಪಂದ್ಯದಲ್ಲಿ ಬರ್ಟೂಝಿ ಆಡಕೂಡದು. ಈ ಸಾಲು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಮೂರ್ ಮತ್ತೆ ಆಡಲೇ ಇಲ್ಲವಲ್ಲ. ಆ ನಿರ್ಬಂಧ ಬರ್ಟೂಝಿಯನ್ನು ಒಂದು ದಿನವೂ ತಟ್ಟಲಿಲ್ಲ.

ಅವನನ್ನು ಜೈಲಿಗೆ ತಳ್ಳಬೇಕಿತ್ತು ಎಂಬುದು ನನ್ನ ವಾದವಲ್ಲ. ಆಟಕ್ಕೆ ಇಳಿದವನು ಆಟದಲ್ಲಿ ಬೀಳುವ ಪೆಟ್ಟಿಗೆ ಒಪ್ಪಿಯೇ ಇಳಿದಿರುತ್ತಾನೆ ಎಂಬುದನ್ನು ಕಾನೂನು ಮನ್ನಿಸಬೇಕು, ಇಲ್ಲವಾದರೆ ಯಾವ ಆಟವೂ ನಡೆಯದು. ಆದರೆ ಪಕ್ ಹತ್ತಿರವಿಲ್ಲದಾಗ, ಕಾದಾಟ ಬೇಡವೆಂದು ಬೆನ್ನು ತೋರಿಸಿದವನು ಯಾವುದಕ್ಕೆ ಒಪ್ಪಿದ್ದ? ತಪ್ಪೊಪ್ಪಿಗೆಯಿಂದ ವಿಚಾರಣೆಯೇ ನಡೆಯದೆ ಹೋದದ್ದು ನನ್ನ ನಿಜವಾದ ತಕರಾರು. ವಿಚಾರಣೆ ನಡೆದಿದ್ದರೆ ಕೋಚ್, ಜೊತೆ ಆಟಗಾರರು, ಲೀಗಿನ ಅಧಿಕಾರಿಗಳು ಎಲ್ಲರೂ ಪ್ರಮಾಣ ಮಾಡಿ ಮಾತಾಡಬೇಕಾಗುತ್ತಿತ್ತು. ಕ್ರಿಮಿನಲ್ ಪ್ರಕರಣದಲ್ಲಿ ಉಳಿದದ್ದು ಒಬ್ಬನ ಮುಷ್ಟಿ ಮಾತ್ರ.

ಬರ್ಟೂಝಿ ಮರಳಿ ಬಂದ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ಗೆ ಕೆನಡಾ ಅವನನ್ನು ಆರಿಸಿತು. ಅದೇ ವರ್ಷ ವ್ಯಾಂಕೂವರ್ ಅವನನ್ನು ಫ್ಲಾರಿಡಾಕ್ಕೆ ಸಾಗಹಾಕಿತು. ಆಮೇಲೆ ಡೆಟ್ರಾಯಿಟ್, ಅನಹೈಮ್, ಕ್ಯಾಲ್ಗರಿ, ಮತ್ತೆ ಡೆಟ್ರಾಯಿಟ್. 2014ರವರೆಗೆ ಆಡಿದ, ಒಟ್ಟು 1,159 ಪಂದ್ಯ, 314 ಗೋಲು. ಹಳೆಯ 46 ಗೋಲುಗಳ ಹತ್ತಿರಕ್ಕೂ ಮತ್ತೆ ಹೋಗಲಿಲ್ಲ. ಅವನ ಬದುಕೂ ಅಂದೇ ಮುಗಿಯಿತು ಎಂದು ಮರುಗುವ ಅಭಿಮಾನಿಗಳಿದ್ದಾರೆ. ಆ ಮರುಕ ನನಗೆ ಅರ್ಥವಾಗುತ್ತದೆ. ಆದರೂ ಮತ್ತೆ ಒಂಬತ್ತು ಋತು ಸಂಬಳ ಪಡೆದು ಮಂಕಾದ ಆಟವನ್ನೂ, 69ಕ್ಕೆ ತುಂಡಾದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಮೂರ್ ಮಾತ್ರ ಬಿಡಲಿಲ್ಲ. ಡೆನ್ವರ್‌ನಲ್ಲಿ ಹೂಡಿದ ದಾವೆ ವಜಾ ಆದಾಗ 2006ರಲ್ಲಿ ಒಂಟಾರಿಯೊದಲ್ಲಿ ಹೊಸದಾಗಿ ಹೂಡಿದ, ಬರ್ಟೂಝಿಯ ಮೇಲೆಯೂ ಕನಕ್ಸ್ ಮಾಲೀಕರ ಮೇಲೆಯೂ. ಆಗ ತೆರೆಯ ಹಿಂದಿನ ಮಾತುಗಳು ಒಂದೊಂದಾಗಿ ಹೊರಬಿದ್ದವು. ಮೂರ್ ಬೆಲೆ ತೆರಲೇಬೇಕು ಎಂದು ಕೋಚ್ ವಿರಾಮದ ವೇಳೆ ತಂಡದ ಕೋಣೆಯಲ್ಲಿ ಹೇಳಿದ್ದರು ಎಂದು ಆರೋಪಿಸಿ ಬರ್ಟೂಝಿ, ತನ್ನ ಕೋಚ್ ಕ್ರಾಫರ್ಡ್ ಅವರನ್ನೇ ಪ್ರಕರಣಕ್ಕೆ ಎಳೆದ. ಐಸ್ ಬಿಟ್ಟು ಹೊರಗೆ ಬಾ ಎಂದು ಕರೆದರೂ ಅವನು ಕೇಳಲಿಲ್ಲ ಎಂಬುದು ಕ್ರಾಫರ್ಡ್ ಅವರ ಉತ್ತರ. ಇವೆರಡರಲ್ಲಿ ಯಾವುದು ನಿಜ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ, ಇಬ್ಬರನ್ನೂ ಕಟಕಟೆಯಲ್ಲಿ ನಿಲ್ಲಿಸುವುದು. 2014ರ ಸೆಪ್ಟೆಂಬರ್ 8ಕ್ಕೆ ವಿಚಾರಣೆ ನಿಗದಿಯಾಯಿತು. ಮೂರ್ ಕೇಳಿದ್ದ ಪರಿಹಾರ ಅಷ್ಟರಲ್ಲಿ 6.8 ಕೋಟಿ ಡಾಲರ್‌ಗೆ ಏರಿತ್ತು.

ಆಗಸ್ಟ್‌ನಲ್ಲಿ ರಾಜಿಯಾಯಿತು. ಮೊತ್ತ ಗುಟ್ಟು, ಷರತ್ತುಗಳೂ ಗುಟ್ಟು. ಹತ್ತು ವರ್ಷ ಕಾದು ದಣಿದ ಮೂರ್‌ನನ್ನು ಅದಕ್ಕಾಗಿ ಯಾರೂ ದೂರುವಂತಿಲ್ಲ. ಆ ಕೋಣೆಯಲ್ಲಿ ಆಡಿದ ಮಾತು ಯಾವ ನ್ಯಾಯಾಧೀಶರ ಮುಂದೂ ಬರಲಿಲ್ಲ. ವಿಡಿಯೊದಲ್ಲಿ ಬರ್ಟೂಝಿ ಈಗಲೂ ಜೆರ್ಸಿ ಹಿಡಿದು ಜಗ್ಗುತ್ತಾನೆ, ಮೂರ್ ಈಗಲೂ ತಿರುಗುವುದಿಲ್ಲ.