ಡಯೋಡ್ ಕೂತ ಜಾಗ: ನಾಲ್ಕು ಸಾಲಿನ ಲೆಕ್ಕಕ್ಕೊಂದು ವ್ಯಾಖ್ಯಾನ

“9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ ‘ಅ’ ಬಿಂದುವಿಗೆ 1 ಕಿಲೋಓಮ್ ರೆಸಿಸ್ಟರ್.”

ಕರೆಂಟಿಗೆ ಮಿತಿ ಹಾಕುವುದು ಇದೇ ರೆಸಿಸ್ಟರ್. ಡಯೋಡಿಗೆ ಆ ಗುಣವಿಲ್ಲ. ನೇರವಾಗಿ ಬ್ಯಾಟರಿಗೆ ಕಟ್ಟಿದರೆ ಸುಟ್ಟುಹೋಗಬಹುದು.

“‘ಅ’ದಿಂದ ಬ್ಯಾಟರಿಯ ಮೈನಸ್‌ಗೆ ಇನ್ನೊಂದು 1 ಕಿಲೋಓಮ್.”

ಡಯೋಡ್ ಇನ್ನೂ ಬಂದಿಲ್ಲ. ದಯವಿಟ್ಟು ಇಲ್ಲೇ ಒಮ್ಮೆ ನಿಂತು ಲೆಕ್ಕ ಹಾಕಿ. ಎರಡೂ ರೆಸಿಸ್ಟರ್ ಸಮ, ಹಾಗಾಗಿ 9 ವೋಲ್ಟ್ ಅರ್ಧರ್ಧ ಹಂಚಿಹೋಗುತ್ತದೆ. ‘ಅ’ದಲ್ಲಿ 4.5 ವೋಲ್ಟ್. ಮುಂದಿನದ್ದೆಲ್ಲ ಈ ಸಂಖ್ಯೆಯ ಮೇಲೇ ನಿಂತಿದೆ.

“ಡಯೋಡಿನ ಆನೋಡ್ ‘ಅ’ಕ್ಕೆ, ಕ್ಯಾಥೋಡ್ ಮೈನಸ್‌ಗೆ.”

ಚಿತ್ರದಲ್ಲಿ ತ್ರಿಕೋನದ ಮೂತಿ ತಾಗುವ ಅಡ್ಡಗೆರೆಯೇ ಕ್ಯಾಥೋಡ್. ಕೈಯಲ್ಲಿ ಹಿಡಿದ 1ಎನ್4007ರಲ್ಲಾದರೆ ಕಪ್ಪು ಮೈಯ ಒಂದು ತುದಿಗಿರುವ ಬೆಳ್ಳಿ ಬಣ್ಣದ ಪಟ್ಟಿ. ಗಾಜಿನ ಮೈಯ 1ಎನ್4148ರಲ್ಲಿ ಕಪ್ಪು ಪಟ್ಟಿ.

ವಿದ್ಯಾರ್ಥಿಗಳು ಎಡವುವುದು ಈ ಸಾಲಿನಲ್ಲೇ. ಡಯೋಡನ್ನು ಚಿತ್ರದ ಯಾವ ಮೂಲೆಯಲ್ಲಿ ಬರೆದಿದ್ದಾರೆ ಅನ್ನುವುದು ಮುಖ್ಯವಲ್ಲ, ಅದರ ಎರಡು ಕಾಲು ಯಾವ ಎರಡು ಬಿಂದುಗಳಿಗೆ ತಾಗಿವೆ ಅನ್ನುವುದು ಮುಖ್ಯ. ಎರಡನೇ ರೆಸಿಸ್ಟರಿನ ಕಾಲುಗಳೂ ಅವೇ ಬಿಂದುಗಳಲ್ಲಿವೆ. ಅಂದಮೇಲೆ ಇವೆರಡು ಸಮಾಂತರ. ಮೊದಲ ರೆಸಿಸ್ಟರ್ ಆ ಜೋಡಿಗೆ ಸರಣಿಯಲ್ಲಿದೆ.

ಸಿಲಿಕಾನ್ ಡಯೋಡ್ ಚೆನ್ನಾಗಿ ಹರಿಯಗೊಡಲು ಸುಮಾರು 0.7 ವೋಲ್ಟ್ ಸಾಕು. ಇಲ್ಲಿ 4.5 ಸಿಗುವಂತಿದೆ, ಆದ್ದರಿಂದ ದಾರಿ ತೆರೆಯುತ್ತದೆ. ತೆರೆದ ಕೂಡಲೇ ‘ಅ’ದ ವೋಲ್ಟೇಜ್ 0.7ಕ್ಕೆ ಕುಸಿಯುತ್ತದೆ. ಉಳಿದ 8.3 ವೋಲ್ಟ್ ಮೊದಲ ರೆಸಿಸ್ಟರ್ ಮೇಲೆ: 8.3 ಮಿಲಿಆಂಪಿಯರ್. ಎರಡನೆಯದರಲ್ಲಿ 0.7, ಮಿಕ್ಕ 7.6 ಡಯೋಡಿನಲ್ಲಿ.

ಎರಡನೇ ರೆಸಿಸ್ಟರ್ ಬದಲು 47 ಓಮ್ ಹಾಕಿದ್ದರೆ? ಡಯೋಡ್ ಇಲ್ಲದಾಗ ‘ಅ’ದಲ್ಲಿ ಇರುವುದೇ 0.4 ವೋಲ್ಟ್. ಡಯೋಡ್ ಅದೇ ದಿಕ್ಕಿಗೆ ಕೂತಿದ್ದರೂ ಅದರಲ್ಲಿ ಹರಿಯುವುದು ನಗಣ್ಯ. ಬಾಣದ ದಿಕ್ಕು ನೋಡಿ “ಫಾರ್ವರ್ಡ್ ಬಯಾಸ್, ಹಾಗಾಗಿ ಕರೆಂಟ್ ಹರಿಯುತ್ತದೆ” ಎಂದು ಬರೆದುಬಿಡುವ ಅವಸರ ಬೇಡ ಎನ್ನುವುದು ಇದಕ್ಕೇ. ಮೊದಲು ಡಯೋಡನ್ನು ಮನಸ್ಸಿನಲ್ಲೇ ಕಿತ್ತಿಡಿ, ಅದು ಕೂರಬೇಕಾದ ಜಾಗದ ವೋಲ್ಟೇಜ್ ನೋಡಿ, ಆಮೇಲೆ ತಿರುಗಿ ಕೂರಿಸಿ.

“ಡಯೋಡನ್ನು ತಿರುಗಿಸಿ ಕಟ್ಟಿದರೆ?”

ಡಯೋಡ್ ತಡೆಯುತ್ತದೆ, ‘ಅ’ ಮತ್ತೆ 4.5ಕ್ಕೆ ಏರುತ್ತದೆ, ಎರಡೂ ರೆಸಿಸ್ಟರಿನಲ್ಲಿ 4.5 ಮಿಲಿಆಂಪಿಯರ್. ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಪಟ್ಟಿ ಅಳಿಸಿಹೋದ ಡಯೋಡ್ ಸಿಕ್ಕರೆ ಹೀಗೇ ಕಟ್ಟಿ, ಮಲ್ಟಿಮೀಟರಿನ ಕಪ್ಪು ವೈರನ್ನು ಮೈನಸ್‌ಗೂ ಕೆಂಪು ವೈರನ್ನು ‘ಅ’ಕ್ಕೂ ಹಿಡಿಯಿರಿ. 0.7ರ ಆಸುಪಾಸು ತೋರಿಸಿದರೆ ‘ಅ’ಕ್ಕೆ ತಾಗಿದ ಕಾಲು ಆನೋಡ್, 4.5 ತೋರಿಸಿದರೆ ಕ್ಯಾಥೋಡ್.