ಪು-ಸ್ತ-ಕವೋ, ಪುಸ್-ತ-ಕವೋ?

'ಪುಸ್ತಕ' ಪದಕ್ಕೆ ಪ್ರಸ್ತಾರ ಹಾಕಿ ಎಂದರೆ ವಿದ್ಯಾರ್ಥಿಗಳು ಪು-ಸ್ತ-ಕ ಎಂದು ಬಿಡಿಸಿ 'ಪು' ಮೇಲೆ ಗುರು, ಉಳಿದೆರಡರ ಮೇಲೆ ಲಘು ಹಾಕುತ್ತಾರೆ. ಒಟ್ಟು 4 ಮಾತ್ರೆ. ಉತ್ತರ ಸರಿ. ಆದರೆ 'ಪು' ಹ್ರಸ್ವವಲ್ಲವೆ? ಅದಕ್ಕೆ 2 ಮಾತ್ರೆ ಎಲ್ಲಿಂದ ಬಂತು? ಬೇತಮಂಗಲದಲ್ಲಿ ಬಾಲ್ಯದಲ್ಲಿ ನಾನು ಹೀಗೆ ಕೇಳಿದಾಗ ಸಿಕ್ಕ ಉತ್ತರ: "ಮುಂದೆ ಒತ್ತಕ್ಷರವಿದೆ, ಅದು ನಿಯಮ." ಮತ್ತೆ ನಾನು ಕೇಳಲಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲೇ.

ದೋಷ ನಿಯಮದ್ದಲ್ಲ, ಬಿಡಿಸುವ ಕ್ರಮದ್ದು. ಲಿಪಿ 'ಸ್ತ'ವನ್ನು ಒಂದೇ ಅಕ್ಷರವಾಗಿ ಬರೆಯುತ್ತದೆ. ನಾಲಿಗೆ ಪುಸ್-ತ-ಕ ಎನ್ನುತ್ತದೆ. 'ಸ್' ಮೊದಲ ಉಚ್ಚಾರಾಂಶವನ್ನು ಮುಚ್ಚುವುದರಿಂದ ಅದು ಗುರು. 'ಬಂದನು' ಪದದಲ್ಲಿ ಅನುಸ್ವಾರ ಮಾಡುವ ಕೆಲಸವೂ ಇದೇ: ಬನ್-ದ-ನು. ಹೀಗೆ ನೋಡಿದರೆ ದೀರ್ಘ, ಅನುಸ್ವಾರ, ವಿಸರ್ಗ, ಒತ್ತಕ್ಷರ ಎಂದು ಉರು ಹೊಡೆಯುವ ಪಟ್ಟಿ ಒಂದೇ ಮಾತಿಗೆ ಇಳಿಯುತ್ತದೆ: ಹ್ರಸ್ವ ಸ್ವರದಲ್ಲಿ ಮುಗಿಯುವ ಉಚ್ಚಾರಾಂಶ ಲಘು, ಉಳಿದುದು ಗುರು.

ಇಟಲಿಯವರಿಗೂ ಈ ತೊಡಕಿದೆ. ಬರವಣಿಗೆಯಲ್ಲಿ ಅವರು ಪಾ-ಸ್ತಾ ಎಂದು ಒಡೆಯುತ್ತಾರೆ. ಉಚ್ಚಾರಣೆಯಲ್ಲಿ ಅದು ಪಸ್-ತ. ಅಲ್ಲಿ ಒತ್ತು ಬಿದ್ದ ತೆರೆದ ಉಚ್ಚಾರಾಂಶದ ಸ್ವರ ಸಾಮಾನ್ಯವಾಗಿ ಹಿಗ್ಗುತ್ತದೆ. ಈ ಪದದಲ್ಲಿ ಹಿಗ್ಗುವುದಿಲ್ಲ. ಅವರಲ್ಲಿ ಒತ್ತು ಅರ್ಥವನ್ನೇ ಬದಲಿಸುತ್ತದೆ: 'ಪರ್ಲೊ' ಕ್ರಿಯಾಪದದ ಮೊದಲಿಗೆ ಒತ್ತು ಕೊಟ್ಟರೆ 'ಮಾತಾಡುತ್ತೇನೆ', ಕೊನೆಗೆ ಕೊಟ್ಟರೆ 'ಮಾತಾಡಿದನು'. ಕನ್ನಡದಲ್ಲಿ ಆ ಕೆಲಸ ಒತ್ತಿನದಲ್ಲ, ಕಾಲದ್ದು: ಕತೆ, ಕತ್ತೆ.

ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಈ ಎರಡು ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಉಚಿತವಾಗಿ ಸಿಗುವ 'ಪ್ರಾಟ್' ತಂತ್ರಾಂಶದಲ್ಲಿ ಅಲೆಯ ಚಿತ್ರ ನೋಡಿ. 'ತ್' ಹೇಳಲು ನಾಲಿಗೆ ಹಲ್ಲಿಗೆ ತಗುಲಿ ಉಸಿರು ನಿಂತ ಜಾಗದಲ್ಲಿ ಅಲೆ ಚಪ್ಪಟೆಯಾಗುತ್ತದೆ. 'ಕತ್ತೆ'ಯಲ್ಲಿ ಆ ಮೌನ ಉದ್ದ. ಒಂದು ಎಚ್ಚರಿಕೆ: ಮಾತ್ರೆ ಎಣಿಕೆಯ ಮಾನ, ಗಡಿಯಾರದ ಸೆಕೆಂಡಲ್ಲ. ಗುರು ಲಘುವಿನ ಸರಿಯಾಗಿ ಎರಡರಷ್ಟು ಬರದಿದ್ದರೆ ಪ್ರಯೋಗ ಸೋತಿತೆಂದಲ್ಲ.

ನಮ್ಮ ಹಿರಿಯರು ಕಿವಿಯನ್ನೇ ನಂಬಿದ್ದರು. ಹಳಗನ್ನಡದ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುತ್ತಿದ್ದುದರಿಂದ ಅವುಗಳ ಹಿಂದಿನ ಅಕ್ಷರವನ್ನು ಲಘುವೆಂದೇ ಎಣಿಸಿ, ಅದನ್ನು ಶಿಥಿಲದ್ವಿತ್ವ ಎಂದರು. ಕೇಶಿರಾಜ 13ನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ಅದನ್ನು ಚರ್ಚಿಸಿದ್ದಾನೆ. ಬರಹ ನೋಡಿ ಎಣಿಸಿದ್ದರೆ ಈ ವಿನಾಯಿತಿ ಹುಟ್ಟುತ್ತಲೇ ಇರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ತೆಲುಗು, ತಮಿಳು ಆಡುವ ಮಕ್ಕಳು ಬಹಳ. ಅವರಿಗೆ ಪಟ್ಟಿಗಿಂತ ಕಾರಣ ಬೇಗ ಹಿಡಿಸುತ್ತದೆ. ಅಧ್ಯಾಪಕರು ಮೊದಲು ಪದವನ್ನು ಗಟ್ಟಿಯಾಗಿ ಹೇಳಿಸಲಿ, ಆಮೇಲೆ ಗುರುತು ಹಾಕಿಸಲಿ.